ಚಿಲಿಗೆ ಹೋಗೋವಾಗ ಚಟ್ನಿಪುಡಿ, ಉಪ್ಪಿನಕಾಯಿ, ಪೇಡಾ ತಗೊಂಡು ಹೋಗಬಹುದಾ?

ಪ್ರಶ್ನೆ: ಮಗಳು ಸ್ಯಾಂಟಿಯಾಗೋದಲ್ಲಿ ಕೆಲಸದಲ್ಲಿದ್ದಾಳೆ, ನಾನೂ ನಮ್ಮನೆಯವ್ರೂ ಮೊದಲನೇ ಸಲ ಹೋಗ್ತಾ ಇದ್ದೀವಿ. ಅವಳಿಗೆ ಅಂತ ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ, ಧಾರವಾಡ ಪೇಡಾ, ಕರಿಬೇವು ಎಲ್ಲಾ ಕಟ್ಟಿಟ್ಟಿದ್ದೀನಿ. ಕಸ್ಟಮ್ಸ್‌ನಲ್ಲಿ ಏನಾದ್ರೂ ತೊಂದ್ರೆ ಆಗತ್ತಾ?

ಉತ್ತರ: ಅಮ್ಮಾ, ಮೊದಲು ಕರಿಬೇವು ಮತ್ತೆ ಪೇಡಾ ಎರಡನ್ನೂ ಬ್ಯಾಗಿಂದ ತೆಗೆದುಬಿಡಿ. ಉಳಿದಿದ್ದಕ್ಕೆ ದಾರಿ ಇದೆ, ಆದ್ರೆ ಅದೆಲ್ಲಾ ಒಂದು ಫಾರ್ಮ್ ಮೇಲೆ ನಿಂತಿದೆ.

ಚಿಲಿಗೆ ಬರೋರೆಲ್ಲಾ ಒಂದು ಡಿಕ್ಲರೇಷನ್ ಕೊಡಬೇಕು, ಆನ್‌ಲೈನಲ್ಲೇ ತುಂಬಬಹುದು. ಅಲ್ಲಿನ ಕಸ್ಟಮ್ಸ್‌ಗೆ ಅದುವಾನಾ ಅಂತಾರೆ, ಕೃಷಿ ಇಲಾಖೆಯವ್ರಿಗೆ ಸಾಗ್ ಅಂತಾರೆ, ಇಬ್ಬರಿಗೂ ಸೇರಿ ಒಂದೇ ಫಾರ್ಮು. ಅದರಲ್ಲಿ ಗಿಡ ಅಥವಾ ಪ್ರಾಣಿಗೆ ಸಂಬಂಧಪಟ್ಟ ಪದಾರ್ಥ ಏನಾದ್ರೂ ಇದೆಯಾ ಅಂತ ಕೇಳಿರತ್ತೆ. ಕಣ್ಣುಮುಚ್ಚಿ "ಹೌದು" ಅಂತ ಹಾಕಿ. ಹೌದು ಅಂದ್ರೆ ಆಗೋದಿಷ್ಟೇ, ಬ್ಯಾಗ್ ತೆಗೆದು ನೋಡ್ತಾರೆ, ಬಿಡೋ ಸಾಮಾನಾದ್ರೆ ಬಿಡ್ತಾರೆ, ಬಿಡದೇ ಇರೋದಾದ್ರೆ ಇಟ್ಕೊಳ್ತಾರೆ, ದಂಡ ಇಲ್ಲ. "ಇಲ್ಲ" ಅಂತ ಹಾಕಿ ಒಳಗೆ ಒಂದು ಸೇಬು ಸಿಕ್ಕಿದ್ರೂ ದಂಡ ಬೀಳತ್ತೆ, ಅದು ನೂರಾರು ಡಾಲರ್ ಆಗಬಹುದು. ಮರೆತಿದ್ದೆ, ವಿಮಾನದಲ್ಲಿ ಕೊಟ್ಟಿದ್ರು ಅನ್ನೋ ಮಾತೆಲ್ಲಾ ಅಲ್ಲಿ ನಡೆಯಲ್ಲ. ಊಟದ ಜೊತೆ ಬಂದ ಹಣ್ಣನ್ನ ಆಮೇಲೆ ತಿನ್ನೋಣ ಅಂತ ಹ್ಯಾಂಡ್‌ಬ್ಯಾಗಿಗೆ ಹಾಕ್ಕೊಂಡು ಸಿಕ್ಕಿಹಾಕ್ಕೊಳ್ಳೋರು ತುಂಬಾ ಜನ, ಸೀಟಲ್ಲೇ ತಿಂದು ಮುಗಿಸಿ, ಇಲ್ಲಾ ಅಲ್ಲೇ ಬಿಟ್ಟು ಇಳೀರಿ.

ಇಷ್ಟೊಂದು ಯಾಕೆ ಅಂತ ಅನ್ನಿಸತ್ತೆ. ಮ್ಯಾಪಲ್ಲಿ ಚಿಲಿ ನೋಡಿ, ಒಂದು ಕಡೆ ಆಂಡಿಸ್ ಬೆಟ್ಟ, ಒಂದು ಕಡೆ ಪೆಸಿಫಿಕ್ ಸಮುದ್ರ, ಮೇಲೆ ಅಟಕಾಮಾ ಮರಳುಗಾಡು, ಕೆಳಗೆ ಪ್ಯಾಟಗೋನಿಯಾದ ಹಿಮ. ಕೋಟೆ ಕಟ್ಟಿದ ಹಾಗಿದೆ, ಬೇರೆ ಕಡೆಯ ಹುಳ ತಾನಾಗೇ ಒಳಗೆ ಬರೋದು ಕಷ್ಟ. 19ನೇ ಶತಮಾನದಲ್ಲಿ ಯೂರೋಪಿನ ದ್ರಾಕ್ಷಿತೋಟಗಳನ್ನ ಸರ್ವನಾಶ ಮಾಡಿದ ಫಿಲಾಕ್ಸೆರಾ ಅನ್ನೋ ಹೇನು ಚಿಲಿಗೆ ಕಾಲಿಡಲೇ ಇಲ್ಲ. ಆ ಹೇನಿನ ಹಾವಳಿಯಲ್ಲಿ ಕಾರ್ಮೆನೇರ್ ಅನ್ನೋ ಫ್ರಾನ್ಸಿನ ದ್ರಾಕ್ಷಿ ತಳಿ ಹೆಚ್ಚುಕಮ್ಮಿ ಮರೆಯಾಗೇ ಹೋಯ್ತು ಅಂದ್ಕೊಂಡಿದ್ರು, 1994ರಲ್ಲಿ ನೋಡಿದ್ರೆ ಚಿಲಿಯ ತೋಟಗಳಲ್ಲಿ ಮೆರ್ಲೋ ಅನ್ನೋ ಇನ್ನೊಂದು ದ್ರಾಕ್ಷಿಯ ಹೆಸರಿಟ್ಕೊಂಡು ಬದುಕಿತ್ತು! ನಂಗೆ ಈ ಸಂಗತಿ ತುಂಬಾ ಇಷ್ಟ, ಬಾಗಿಲು ಕಾಯೋದಕ್ಕೆ ಎಷ್ಟು ಬೆಲೆ ಇದೆ ಅಂತ ಇದರಲ್ಲೇ ಗೊತ್ತಾಗತ್ತೆ. 1995ರಲ್ಲಿ ಅವ್ರು ಮೆಡಿಟರೇನಿಯನ್ ಹಣ್ಣಿನ ನೊಣದಿಂದ ಮುಕ್ತ ದೇಶ ಅಂತ ಘೋಷಿಸಿಕೊಂಡ್ರು, ಆಮೇಲೂ ಆಗಾಗ ಕಾಣಿಸಿಕೊಂಡಿದೆ, ಕಂಡಾಗೆಲ್ಲಾ ಆ ಸುತ್ತಮುತ್ತ ಹಣ್ಣು ಸಾಗಿಸೋದಕ್ಕೇ ತಡೆ. ಚೆರ್ರಿ, ದ್ರಾಕ್ಷಿ, ಬ್ಲೂಬೆರ್ರಿ ಹೊರದೇಶಕ್ಕೆ ಕಳಿಸಿ ಬದುಕೋ ರೈತರಿಗೆ ಇದು ಹೊಟ್ಟೆಪಾಡು. ನಮಗೂ ಇದು ಹೊಸದೇನಲ್ಲ, 2014ರಲ್ಲಿ ಯೂರೋಪಿಯನ್ ಯೂನಿಯನ್ ನಮ್ಮ ಮಾವಿನಹಣ್ಣು ತಡೆದಿದ್ದೂ ಹಣ್ಣಿನ ನೊಣ ಸಿಕ್ಕಿದ್ದಕ್ಕೇ.

ಈಗ ನಿಮ್ಮ ಡಬ್ಬಿಗಳ ವಿಷ್ಯ. ಪ್ರತಿಯೊಂದಕ್ಕೂ ಮೂರು ಮಾತು ಕೇಳ್ಕೊಳ್ಳಿ, ಇದು ಮೊಳಕೆ ಬರತ್ತಾ, ಇದರಲ್ಲಿ ಹುಳ ಬದುಕತ್ತಾ, ಪ್ರಾಣಿಗಳ ರೋಗ ತರತ್ತಾ. ಹಸಿ ಕರಿಬೇವು, ನಿಂಬೆಹಣ್ಣು, ವೀಳ್ಯದೆಲೆ, ಹೂವು ಬೇಡ್ವೇ ಬೇಡ. ಜೇನುತುಪ್ಪ ಬಿಡಲ್ಲ. ನಮ್ಮಲ್ಲಿ ದನಗಳಿಗೆ ಕಾಲುಬಾಯಿ ರೋಗ ಇದೆ, ಚಿಲಿಯಲ್ಲಿ ಇಲ್ಲ, ಹಾಗಾಗಿ ಪೇಡಾ, ಮನೆ ತುಪ್ಪ ಇಂಥ ಹಾಲಿನ ಪದಾರ್ಥ ತಗೊಂಡು ಹೋದ್ರೆ ಕಳ್ಕೊಳ್ಳೋ ಸಾಧ್ಯತೆಯೇ ಜಾಸ್ತಿ, ಮನೇಲೇ ಬಿಟ್ಟು ಹೋಗಿ. ಇಡೀ ಸಾಸಿವೆ, ಮೆಂತ್ಯ, ಹೆಸರುಕಾಳು ಎಲ್ಲಾ ಅವ್ರ ಕಣ್ಣಿಗೆ ಬಿತ್ತನೆ ಬೀಜಾನೇ. ಹುರಿದು ಪುಡಿ ಮಾಡಿದ ಚಟ್ನಿಪುಡಿ, ಸಾರಿನಪುಡಿ, ಕಾಫಿಪುಡಿ, ಬಿಸ್ಕೆಟ್ಟು ಸಾಮಾನ್ಯವಾಗಿ ದಾಟತ್ತೆ. ಉಪ್ಪಿನಕಾಯಿ ಅಂಗಡೀದು, ಸೀಲ್ ಇರೋದು, ಲೇಬಲ್ ಇರೋದು ಆದ್ರೆ ಸುಲಭ, ಮನೇಲಿ ಹಾಕಿದ ಮಿಡಿ ಆದ್ರೆ ಕೌಂಟರಲ್ಲಿ ಇರೋರು ಏನು ಹೇಳ್ತಾರೋ ಅದೇ.

ನಾನು ಹೋದಾಗ ಕೌಂಟರಲ್ಲಿದ್ದ ಹುಡುಗಿ ಕೈಗವಸು ಹಾಕ್ಕೊಂಡು ಚಟ್ನಿಪುಡಿ ಕವರ್ ಎತ್ತಿ ಬೆಳಕಿಗೆ ಹಿಡಿದು ನೋಡಿದ್ಲು, ಮೂಸಿದ್ಲು, ಸೀನು ಬಂತು, ನಕ್ಕು ವಾಪಸ್ ಕೊಟ್ಲು. ಪಕ್ಕದ ಕ್ಯೂನಲ್ಲಿ ಒಂದು ನಾಯಿ ಯಾರದೋ ಬ್ಯಾಗ್ ಮುಂದೆ ಸುಮ್ನೆ ಕೂತ್ಕೊಂಡುಬಿಡ್ತು, ತೆಗೆದು ನೋಡಿದ್ರೆ ಬಾಳೆಹಣ್ಣಿನ ಸಿಪ್ಪೆ ಅಷ್ಟೇ ಇತ್ತು. ಎಲ್ಲರ ಬ್ಯಾಗೂ ಎಕ್ಸ್‌ರೇಗೆ ಹೋಗತ್ತೆ, ಅದಕ್ಕೇ ತಿಂಡಿ ಎಲ್ಲಾ ಒಂದೇ ಚೀಲದಲ್ಲಿ ಮೇಲ್ಗಡೆ ಇಡಿ, ಸೀರೆ ಮಡಿಕೆ ಒಳಗೆಲ್ಲಾ ತುರುಕಬೇಡಿ, ಮುಚ್ಚಿಟ್ಟ ಹಾಗೆ ಕಾಣತ್ತೆ.

ಉಳಿದ ಕಸ್ಟಮ್ಸ್ ರೂಲ್ಸ್ ಸರಳ. ನೀವು ಬಳಸೋ ಬಟ್ಟೆ, ಫೋನು, ಲ್ಯಾಪ್‌ಟಾಪ್‌ಗೆ ಸುಂಕ ಇಲ್ಲ. ದೊಡ್ಡವ್ರಿಗೆ ತಲಾ 2.5 ಲೀಟರ್ ಮದ್ಯ, 400 ಸಿಗರೇಟ್‌ವರೆಗೂ ಬಿಡ್ತಾರೆ. 10,000 ಡಾಲರ್‌ಗಿಂತ ಜಾಸ್ತಿ ಕ್ಯಾಶ್ ಇದ್ರೆ ಹೇಳಲೇಬೇಕು. ಬಿಪಿ, ಶುಗರ್ ಮಾತ್ರೆ ಅದರ ಸ್ಟ್ರಿಪ್ಪಲ್ಲೇ ಇರಲಿ, ಜೊತೆಗೆ ಡಾಕ್ಟ್ರ ಚೀಟಿ, ಇಂಗ್ಲಿಷಲ್ಲಿ.

ಮಗಳು ನಿಮ್ಮನ್ನ ಅರ್ಜೆಂಟೀನಾದ ಮೆಂಡೋಸಾಗೆ ಬಸ್ಸಲ್ಲಿ ಕರ್ಕೊಂಡು ಹೋದ್ರೆ ವಾಪಸ್ ಬರೋವಾಗ ಲೋಸ್ ಲಿಬೆರ್ತದೋರೆಸ್ ಗಡಿಯಲ್ಲಿ ಮತ್ತೆ ಇದೇ ತಪಾಸಣೆ ಇರತ್ತೆ, ಬೆಟ್ಟದ ಮೇಲೆ ಚಳೀಲಿ ಎಲ್ಲರನ್ನೂ ಇಳಿಸ್ತಾರೆ. ಸ್ವೆಟರ್ ಕೈಗೆ ಸಿಗೋ ಹಾಗೆ ಇಟ್ಕೊಳ್ಳಿ, ದಾರಿಗೆ ಅಂತ ತಗೊಂಡ ಹಣ್ಣನ್ನ ಗಡಿ ಬರೋದ್ರೊಳಗೆ ತಿಂದುಬಿಡಿ.