ಲೇಖನದಲ್ಲಿ ಯಾರ ಹೆಸರು ಮೊದಲು? ತಡವಾಗಿ ಆಡಿದ ಒಂದು ಮಾತಿನ ಹಿನ್ನೆಲೆ

ಸಂಶೋಧನಾ ಲೇಖನದಲ್ಲಿ ಯಾರ ಹೆಸರು ಎಲ್ಲಿರಬೇಕು ಎಂದು ಮಾರ್ಗದರ್ಶಕರನ್ನು ಕೇಳಲು ವಿದ್ಯಾರ್ಥಿಗಳು ಇಂದಿಗೂ ಹಿಂಜರಿಯುತ್ತಾರೆ. ಈ ಹಿಂಜರಿಕೆ ಹೊಸದಲ್ಲ.

ಷಿಕಾಗೋ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಮಿಲಿಕನ್ ಅವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಹಾರ್ವೆ ಫ್ಲೆಚರ್, ಎಲೆಕ್ಟ್ರಾನಿನ ವಿದ್ಯುದಂಶವನ್ನು ಅಳೆಯಲು ನೀರಿನ ಹನಿಯ ಬದಲು ಎಣ್ಣೆಯ ಹನಿಯನ್ನು ಬಳಸುವುದಕ್ಕಾಗಿ ಔಷಧಿ ಅಂಗಡಿಯಿಂದ ಸುಗಂಧ ಸಿಂಪಡಿಸುವ ಶೀಶೆಯನ್ನೂ ಗಡಿಯಾರಕ್ಕೆ ಹಾಕುವ ಎಣ್ಣೆಯನ್ನೂ ತಂದು ಉಪಕರಣವನ್ನು ಜೋಡಿಸಿದರು. ಗುರುಶಿಷ್ಯರಿಬ್ಬರೂ ತಿಂಗಳುಗಟ್ಟಲೆ ಕೂಡಿ ದುಡಿದರು. 1910ರಲ್ಲಿ ಲೇಖನಗಳು ಸಿದ್ಧವಾಗುತ್ತಿದ್ದಾಗ, ಎಳೆಮಗುವಿದ್ದ ಶಿಷ್ಯನ ಮನೆಗೆ ಮಿಲಿಕನ್ ತಾವೇ ಬಂದರು. ಪದವಿಗೆ ಸಲ್ಲಿಸುವ ಲೇಖನಕ್ಕೆ ವಿದ್ಯಾರ್ಥಿಯೊಬ್ಬನೇ ಲೇಖಕನಾಗಿರಬೇಕೆಂಬ ನಿಯಮವನ್ನು ನೆನಪಿಸಿ, ಬ್ರೌನಿಯನ್ ಚಲನೆಯ (ತೇಲುವ ಸೂಕ್ಷ್ಮ ಕಣಗಳ ಅಡ್ಡಾದಿಡ್ಡಿ ಅಲುಗಾಟದ) ಲೇಖನ ಫ್ಲೆಚರ್ ಹೆಸರಿನಲ್ಲಿಯೂ ವಿದ್ಯುದಂಶದ ಲೇಖನ ತಮ್ಮೊಬ್ಬರ ಹೆಸರಿನಲ್ಲಿಯೂ ಬರಲಿ ಎಂದರು. ಯಾವುದಕ್ಕೆ ಹೆಚ್ಚಿನ ಬೆಲೆಯೆಂದು ಇಬ್ಬರಿಗೂ ಗೊತ್ತಿತ್ತು; ಫ್ಲೆಚರ್ ಒಪ್ಪಿಕೊಂಡರು. ಮಿಲಿಕನ್ ಅವರಿಗೆ 1923ರಲ್ಲಿ ನೊಬೆಲ್ ಬಂತು. ತಮ್ಮ ಮರಣಾನಂತರವೇ ಪ್ರಕಟವಾಗಬೇಕೆಂದು ಫ್ಲೆಚರ್ ಬರೆದಿಟ್ಟಿದ್ದ ಈ ವೃತ್ತಾಂತ 1982ರಲ್ಲಿ ಹೊರಬಂತು. ಗುರುವಿನ ಮೇಲೆ ಅವರಿಗೆ ದ್ವೇಷವಿರಲಿಲ್ಲ ಎಂಬುದು ನನ್ನ ಮನಸ್ಸನ್ನು ಇನ್ನಷ್ಟು ಕಲಕುತ್ತದೆ.

ಮೊದಲ ಲೇಖಕನಾದ ಮಾತ್ರಕ್ಕೆ ಮನ್ನಣೆ ದೊರೆಯುತ್ತದೆಂದೂ ಹೇಳಲಾಗದು. ಕ್ಷಯರೋಗಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಎಂಬ ಪ್ರತಿಜೀವಕದ ಕುರಿತ 1944ರ ಲೇಖನದಲ್ಲಿ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಜ್ ಹೆಸರೇ ಮೊದಲಿದ್ದರೂ, ಸಹಶೋಧಕನೆನಿಸಿಕೊಳ್ಳಲು ಅವರು 1950ರಲ್ಲಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. 1952ರ ನೊಬೆಲ್ ಅವರ ಮಾರ್ಗದರ್ಶಕ ಸೆಲ್ಮನ್ ವಾಕ್ಸ್‌ಮನ್ ಒಬ್ಬರಿಗೇ ಸಂದಿತು.

ಲೇಖಕರೆಂದರೆ ಯಾರು ಎಂಬುದಕ್ಕೆ ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಮಾನದಂಡಗಳನ್ನು ಹಾಕಿಕೊಟ್ಟದ್ದು 1985ರಲ್ಲಿ. ಹಣ ಒದಗಿಸಿದ ಅಥವಾ ಸಾಮಾನ್ಯ ಮೇಲ್ವಿಚಾರಣೆ ನಡೆಸಿದ ಮಾತ್ರಕ್ಕೆ ಯಾರೂ ಲೇಖಕರಾಗುವುದಿಲ್ಲವೆಂದು ಸಮಿತಿ ಸ್ಪಷ್ಟವಾಗಿ ಹೇಳುತ್ತದೆ. ಯೋಜನೆ, ಪ್ರಯೋಗ, ವಿಶ್ಲೇಷಣೆ, ಬರವಣಿಗೆ ಎಂದು ಕೆಲಸವನ್ನು 14 ಪಾತ್ರಗಳಾಗಿ ಬಿಡಿಸಿ ತೋರಿಸುವ ಪದ್ಧತಿಯೂ ಈಗ ಅನೇಕ ಪತ್ರಿಕೆಗಳಲ್ಲಿದೆ.

ಆದರೆ ಗೈಡ್ ಸಹಿಯಿಲ್ಲದೆ ಮಹಾಪ್ರಬಂಧವನ್ನು ಸಲ್ಲಿಸಲಾಗದ ವಿದ್ಯಾರ್ಥಿಗೆ, ಲೇಖನ ಮುಗಿದ ಮೇಲೆ ಈ ನಿಯಮಗಳನ್ನು ಮುಂದಿಟ್ಟು ವಾದಿಸುವುದು ಕಷ್ಟ. ಫ್ಲೆಚರ್ ವಿಷಯದಲ್ಲಿ ಎಡವಿದ್ದು ಇಲ್ಲಿಯೇ ಎಂದು ನನಗನಿಸುತ್ತದೆ: ಫಲಿತಾಂಶ ಕೈಗೆ ಬಂದ ಮೇಲೆ ಮಾತು ಶುರುವಾಯಿತು, ಶುರುಮಾಡಿದವರೂ ಗುರುವೇ. "ಸರ್, ಈ ಕೆಲಸದಿಂದ ಎಷ್ಟು ಲೇಖನ ಬರಬಹುದು, ಯಾವುದರಲ್ಲಿ ಯಾರ ಹೆಸರು ಮೊದಲು ಎಂದು ಈಗಲೇ ಬರೆದಿಟ್ಟುಕೊಳ್ಳೋಣವೇ? ಕೆಲಸ ಬದಲಾದರೆ ಮತ್ತೆ ಕೂತು ತಿದ್ದಿಕೊಳ್ಳೋಣ" ಎಂದು ಮೊದಲ ತಿಂಗಳಲ್ಲೇ ಕೇಳಿದರೆ, ಆಗ ಹಂಚಿಕೊಳ್ಳಲು ಕೀರ್ತಿಯಿನ್ನೂ ಹುಟ್ಟಿರುವುದಿಲ್ಲ, ಇಬ್ಬರ ಮುಂದೆಯೂ ಇರುವುದು ಮಾಡಬೇಕಾದ ಕೆಲಸವೊಂದೇ.