ಗೋಡೆಯ ಮೇಲೆ ಏನಿರಬೇಕೆಂದು ಯಾರು ತೀರ್ಮಾನಿಸುತ್ತಾರೆ? ಸಮುದಾಯ ಕಲೆ, ಯುವಜನ ಮತ್ತು ಶಾಂತಿ: ಅಧ್ಯಯನ ಟಿಪ್ಪಣಿ

ಜಗಳ ನಿಂತ ಮಾತ್ರಕ್ಕೆ ಶಾಂತಿ ಬಂದಂತಾಗುವುದಿಲ್ಲ. ನಾರ್ವೆಯ ವಿದ್ವಾಂಸ ಯೋಹಾನ್ ಗಾಲ್ಟುಂಗ್ 1960ರ ದಶಕದಲ್ಲೇ ಇದನ್ನು ಎರಡಾಗಿ ಬಿಡಿಸಿ ತೋರಿಸಿದರು. ಹೊಡೆದಾಟ, ಗುಂಡಿನ ಸದ್ದು ಇಲ್ಲದಿರುವುದು ನಕಾರಾತ್ಮಕ ಶಾಂತಿ. ಅನ್ಯಾಯ ಕಡಿಮೆಯಾಗಿ, ಎಲ್ಲರಿಗೂ ಬದುಕಿನಲ್ಲಿ ಪಾಲು ಸಿಗುವುದು ಸಕಾರಾತ್ಮಕ ಶಾಂತಿ. ಮೊದಲನೆಯದನ್ನು ಕರ್ಫ್ಯೂ ಹಾಕಿಯೂ ತರಬಹುದು. ಎರಡನೆಯದಕ್ಕೆ ಜನ ಒಬ್ಬರನ್ನೊಬ್ಬರು ಕಾಣುವ ರೀತಿ ಬದಲಾಗಬೇಕು, ತಮ್ಮ ಮಾತಿಗೂ ಬೆಲೆಯಿದೆ ಎಂಬ ನಂಬಿಕೆ ಹುಟ್ಟಬೇಕು. ಕಲಾ ಕಾರ್ಯಕ್ರಮಗಳಿಗೆ ಕೆಲಸವಿರುವುದು ಇಲ್ಲಿ.

ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2015ರ ಡಿಸೆಂಬರ್ 9ರಂದು ಅಂಗೀಕರಿಸಿದ 2250ನೇ ನಿರ್ಣಯವನ್ನು ನೆನಪಿಡಿ. ಯುವಜನ, ಶಾಂತಿ ಮತ್ತು ಭದ್ರತೆಯ ಬಗೆಗಿನ ಮೊದಲ ನಿರ್ಣಯ ಅದು. 18ರಿಂದ 29 ವರ್ಷದವರನ್ನು ಅದು ಯುವಜನ ಎನ್ನುತ್ತದೆ. ಭಾಗವಹಿಸುವಿಕೆ, ರಕ್ಷಣೆ, ತಡೆಗಟ್ಟುವಿಕೆ, ಸಹಭಾಗಿತ್ವ, ಹಿಂಸೆಯಿಂದ ಹೊರಬಂದವರಿಗೆ ಮರುಜೀವನ ಎಂಬ ಐದು ಆಧಾರಗಳು ಅದರಲ್ಲಿವೆ. ಯುವಕರನ್ನು ಹಿಂಸೆಯ ಮೂಲವಾಗಿಯೋ ಬಲಿಪಶುಗಳಾಗಿಯೋ ನೋಡುವುದನ್ನು ಬಿಟ್ಟು, ಶಾಂತಿಯನ್ನು ಕಟ್ಟುವವರೆಂದು ಒಪ್ಪಿಕೊಂಡಿದ್ದು ಅದರ ಹೆಚ್ಚುಗಾರಿಕೆ.

ಒಪ್ಪಿಕೊಳ್ಳುವುದೇನೋ ಸುಲಭ. ವೇದಿಕೆಯ ಮೇಲೆ ಮಕ್ಕಳನ್ನು ನಿಲ್ಲಿಸಿ, ಒಂದೇ ಬಣ್ಣದ ಟೀ ಶರ್ಟ್ ತೊಡಿಸಿ, ಶಾಂತಿಗೀತೆ ಹಾಡಿಸಿದರೆ ಫೋಟೋ ಚೆನ್ನಾಗಿ ಬರುತ್ತದೆ. ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ಬರೆದು ತೋರಿಸಿದರು. ಕೆಳಗಿನ ಮೂರು ಮೆಟ್ಟಿಲುಗಳೆಂದರೆ ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗಷ್ಟೇ ಸೇರಿಸಿಕೊಳ್ಳುವುದು. ಇವುಗಳನ್ನು ಅವರು ಭಾಗವಹಿಸುವಿಕೆ ಎಂದು ಪರಿಗಣಿಸುವುದೇ ಇಲ್ಲ. ಮೇಲಿನ ಮೆಟ್ಟಿಲಲ್ಲಿ ಯೋಚನೆ ಮಕ್ಕಳಿಂದ ಹೊರಡುತ್ತದೆ, ತೀರ್ಮಾನವನ್ನು ದೊಡ್ಡವರೊಂದಿಗೆ ಹಂಚಿಕೊಳ್ಳುತ್ತಾರೆ. ಕಲಾ ಯೋಜನೆಗಳನ್ನು ಅಳೆಯಲು ಇದಕ್ಕಿಂತ ಹರಿತವಾದ ಸಾಧನ ನನಗೆ ಕಂಡಿಲ್ಲ, ಏಕೆಂದರೆ ಕಲೆ ಬಹಳ ಬೇಗ ಎರಡನೇ ಮೆಟ್ಟಿಲಿಗೆ ಜಾರುತ್ತದೆ. ಚಿತ್ರದ ವಿಷಯ ಮೊದಲೇ ಗೊತ್ತಾಗಿದ್ದು, ರೇಖೆಗಳನ್ನು ಕಲಾವಿದರೇ ಎಳೆದಿಟ್ಟು, ಯುವಕರಿಗೆ ಬಣ್ಣ ತುಂಬುವುದು ಮಾತ್ರ ಉಳಿದಿದ್ದರೆ ಅಲ್ಲಿ ಸಬಲೀಕರಣ ಆಗಿಲ್ಲ. ಅಲ್ಲಿ ದೊರೆತದ್ದು ಉಚಿತ ಕೂಲಿ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಪ್ರವಾಹದ ನೀರು ಹರಿಯಲೆಂದು ಕಟ್ಟಿದ ಕಾಂಕ್ರೀಟ್ ಕಾಲುವೆಯೊಂದಿದೆ. ಅದರ ಗೋಡೆಯ ಮೇಲೆ 1970ರ ದಶಕದಲ್ಲಿ ಕಲಾವಿದೆ ಜೂಡಿ ಬಾಕಾ ನೇತೃತ್ವದಲ್ಲಿ ಒಂದು ಭಿತ್ತಿಚಿತ್ರ ಶುರುವಾಯಿತು. ಹಲವು ಬೇಸಿಗೆಗಳಲ್ಲಿ 400ಕ್ಕೂ ಹೆಚ್ಚು ಯುವಜನರು ದುಡಿದ ಮೇಲೆ ಅದು ಸುಮಾರು 840 ಮೀಟರ್ ಉದ್ದಕ್ಕೆ ಬೆಳೆಯಿತು. ಅವರಲ್ಲಿ ಪೊಲೀಸ್, ಕೋರ್ಟ್ ಕಂಡು ಬಂದವರೂ ಇದ್ದರು, ಬೇರೆ ಬೇರೆ ಜನಾಂಗದವರೂ ಇದ್ದರು. ಎರಡು ಸಂಗತಿಗಳನ್ನು ಗುರುತು ಹಾಕಿಕೊಳ್ಳಿ. ಒಂದು, ಇದು ಅವರಿಗೆ ಸಂಬಳದ ಕೆಲಸವಾಗಿತ್ತು. ಇನ್ನೊಂದು, ಬಣ್ಣಕ್ಕೆ ಮೊದಲು ಇತಿಹಾಸ ಬಂತು. ವಿದ್ವಾಂಸರ, ಹಿರಿಯರ ನೆನಪುಗಳನ್ನು ಕೇಳಿ, ಕ್ಯಾಲಿಫೋರ್ನಿಯಾದ ಚರಿತ್ರೆಯಲ್ಲಿ ಯಾರು ಬಿಟ್ಟುಹೋಗಿದ್ದಾರೆಂದು ಹುಡುಕಲಾಯಿತು. ರೈಲು ಹಳಿ ಹಾಕಿದ ಚೀನೀ ಕಾರ್ಮಿಕರು, ಎರಡನೇ ಮಹಾಯುದ್ಧದಲ್ಲಿ ಶಿಬಿರಗಳಿಗೆ ತಳ್ಳಲ್ಪಟ್ಟ ಜಪಾನಿ ಮೂಲದ ಅಮೆರಿಕನ್ನರು ಗೋಡೆಯ ಮೇಲೆ ಬಂದದ್ದು ಹೀಗೆ. ಒಬ್ಬ ಹುಡುಗ ಇನ್ನೊಬ್ಬನ ಅಜ್ಜ ಉಂಡ ನೋವನ್ನು ಬಿಡಿಸಬೇಕಾದಾಗ ಮೊದಲು ಅದನ್ನು ಕೇಳಿ ಅರ್ಥ ಮಾಡಿಕೊಳ್ಳಲೇಬೇಕು. ಆ ಕಾಲುವೆಯಲ್ಲಿ ಶಾಂತಿಯ ಕೆಲಸ ನಡೆದದ್ದು ಈ ಕೇಳುವಿಕೆಯಲ್ಲಿ ಎಂದು ನಾನು ನಂಬಿದ್ದೇನೆ.

ಜೊತೆಯಾಗಿ ದುಡಿಯುವುದರಿಂದ ಪೂರ್ವಗ್ರಹ ಕರಗುವುದೇಕೆ? ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್ಪೋರ್ಟ್ 1954ರಲ್ಲಿ ಮಂಡಿಸಿದ ಸಂಪರ್ಕ ಸಿದ್ಧಾಂತ ಇದಕ್ಕೆ ಉತ್ತರ ಕೊಡುತ್ತದೆ. ಎರಡು ಗುಂಪಿನವರು ಭೇಟಿಯಾದರಷ್ಟೇ ಸಾಲದು. ಅಲ್ಲಿ ಇಬ್ಬರಿಗೂ ಸಮಾನ ಸ್ಥಾನವಿರಬೇಕು, ಗುರಿ ಒಂದೇ ಆಗಿರಬೇಕು, ಪೈಪೋಟಿಯ ಬದಲು ಸಹಕಾರವಿರಬೇಕು, ಮೇಲಿನವರ ಬೆಂಬಲವಿರಬೇಕು. 2006ರಲ್ಲಿ ಪೆಟಿಗ್ರೂ ಮತ್ತು ಟ್ರಾಪ್ 500ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಸಂಪರ್ಕದಿಂದ ಪೂರ್ವಗ್ರಹ ಸಾಮಾನ್ಯವಾಗಿ ತಗ್ಗುತ್ತದೆ, ಈ ನಾಲ್ಕು ಷರತ್ತುಗಳು ಅನಿವಾರ್ಯವಲ್ಲದಿದ್ದರೂ ಪರಿಣಾಮವನ್ನು ಹೆಚ್ಚಿಸುತ್ತವೆ ಎಂದು ಕಂಡುಕೊಂಡರು. ಆಲ್ಪೋರ್ಟ್ ಹೇಳಿದ್ದನ್ನು ಷರಾ ಇಲ್ಲದೆ ಬರೆದು ನಿಲ್ಲಿಸಬೇಡಿ, 2006ರ ಈ ತಿದ್ದುಪಡಿಯನ್ನೂ ಸೇರಿಸಿ.

ಸಂಗೀತದ ಬ್ಯಾಂಡ್ ಈ ಷರತ್ತುಗಳಿಗೆ ಹೇಳಿ ಮಾಡಿಸಿದಂತಿದೆ. ಕೊಸೊವೊದ ಮಿಟ್ರೊವಿಟ್ಸಾ ಪಟ್ಟಣವನ್ನು ಇಬಾರ್ ನದಿ ಎರಡಾಗಿ ಸೀಳಿದೆ. ಉತ್ತರದ ದಡದಲ್ಲಿ ಹೆಚ್ಚಾಗಿ ಸರ್ಬರು, ದಕ್ಷಿಣದಲ್ಲಿ ಅಲ್ಬೇನಿಯನ್ನರು. ಅಲ್ಲಿ 2008ರಲ್ಲಿ ಶುರುವಾದ ರಾಕ್ ಸಂಗೀತ ಶಾಲೆಯಲ್ಲಿ ಎರಡೂ ಕಡೆಯ ಹದಿಹರೆಯದವರು ಕಲಿಯುತ್ತಾರೆ, ಮಿಶ್ರ ಬ್ಯಾಂಡ್‌ಗಳಲ್ಲಿ ಒಟ್ಟಿಗೆ ನುಡಿಸುತ್ತಾರೆ. ಮಿಶ್ರ ಬ್ಯಾಂಡ್‌ಗಳು ಮೊದಲು ಸೇರಿದ್ದು ಸ್ವಂತ ಊರಿನಲ್ಲಲ್ಲ, ನೆರೆಯ ದೇಶದ ಸ್ಕೋಪ್ಯೆ ನಗರದಲ್ಲಿ. ಊರಲ್ಲಿ ಒಟ್ಟಿಗೆ ಕಾಣಿಸಿಕೊಳ್ಳುವುದೇ ಅಪಾಯವಾಗಿದ್ದಾಗ, ಎಲ್ಲಿ ಸೇರಬೇಕೆಂಬುದು ಏನು ನುಡಿಸಬೇಕೆಂಬುದಕ್ಕಿಂತ ಮುಖ್ಯವಾಗುತ್ತದೆ. ಡ್ರಮ್ಸ್ ನುಡಿಸುವವನು ಗಿಟಾರ್‌ಗೆ ಕಿವಿಗೊಡದಿದ್ದರೆ ಹಾಡೇ ಆಗುವುದಿಲ್ಲ, ಹಾಗಾಗಿ ಸಹಕಾರವನ್ನು ಉಪದೇಶಿಸಬೇಕಾದ ಅಗತ್ಯವೂ ಬೀಳುವುದಿಲ್ಲ.

ಇಷ್ಟು ಓದಿದ ಮೇಲೆ ಕಲೆ ಎಂದರೆ ಶಾಂತಿ ಎಂಬ ತೀರ್ಮಾನಕ್ಕೆ ಬರಬೇಡಿ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಗೋಡೆಗಳಲ್ಲಿ ಮುಸುಕು ತೊಟ್ಟು ಬಂದೂಕು ಹಿಡಿದವರ ಚಿತ್ರಗಳು ದಶಕಗಳ ಕಾಲ ಇದ್ದವು. ಅವೂ ಸಮುದಾಯದ ಕಲೆಯೇ. ಇದು ಯಾರ ಬೀದಿ, ಇಲ್ಲಿಗೆ ಯಾರು ಬರಬಾರದು ಎಂದು ಅವು ಸಾರುತ್ತಿದ್ದವು. 1998ರ ಶಾಂತಿ ಒಪ್ಪಂದ ಆಗಿ ಎಂಟು ವರ್ಷಗಳ ನಂತರ, 2006ರಲ್ಲಿ, ಅಲ್ಲಿನ ಕಲಾ ಮಂಡಳಿ ಇಂಥ ಚಿತ್ರಗಳ ಜಾಗದಲ್ಲಿ ಬೇರೆ ಚಿತ್ರಗಳನ್ನು ತರುವ ಕಾರ್ಯಕ್ರಮ ಆರಂಭಿಸಿತು. ರಾತ್ರೋರಾತ್ರಿ ಸುಣ್ಣ ಬಳಿದರೆ ಹಳೆಯ ಚಿತ್ರ ಇನ್ನಷ್ಟು ಸಿಟ್ಟಿನಿಂದ ಮರಳುತ್ತದೆ. ಆದ್ದರಿಂದ ಇಂಥ ಕಡೆ ಬೀದಿಯವರ ಒಪ್ಪಿಗೆ ಪಡೆಯುವ ಮಾತುಕತೆಯೇ ಕೆಲಸದ ದೊಡ್ಡ ಪಾಲು.

ನೋವಿನ ಕಥೆಗಳ ವಿಷಯದಲ್ಲೂ ಎಚ್ಚರ ಬೇಕು. ಹಿಂಸೆ ಕಂಡ ಹುಡುಗಿಯೊಬ್ಬಳಿಗೆ "ನಿನ್ನ ಕಥೆಯನ್ನೇ ನಾಟಕ ಮಾಡು" ಎಂದು ಹೇಳುವುದು ಗಾಯವನ್ನು ಕೆದಕಿದಂತಾಗಬಹುದು. ಹೇಳದಿರುವ ಹಕ್ಕು ಅವಳದು. ಹತ್ತಿರದಲ್ಲಿ ಆಪ್ತಸಮಾಲೋಚಕರಿಲ್ಲದೆ ಇಂಥ ಶಿಬಿರ ನಡೆಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬ್ರೆಜಿಲ್‌ನ ಆಗಸ್ಟೊ ಬೋಲ್ ರೂಪಿಸಿದ ಫೋರಂ ರಂಗಭೂಮಿಯಲ್ಲಿ ಇದಕ್ಕೊಂದು ದಾರಿಯಿದೆ. ಅನೇಕರ ಅನುಭವ ಬೆರೆಸಿ ಕಟ್ಟಿದ, ಸೋಲಿನಲ್ಲಿ ಮುಗಿಯುವ ಒಂದು ದೃಶ್ಯವನ್ನು ಆಡುತ್ತಾರೆ. ಮತ್ತೆ ಮೊದಲಿನಿಂದ ಆಡುವಾಗ ನೋಡುಗರು ಯಾರಾದರೂ "ನಿಲ್ಲಿಸಿ" ಎಂದು ಕೂಗಿ, ತುಳಿತಕ್ಕೊಳಗಾದ ಪಾತ್ರದ ಜಾಗಕ್ಕೆ ಬಂದು ಬೇರೆ ದಾರಿ ಪ್ರಯತ್ನಿಸಬಹುದು. ತುಳಿಯುವವನ ಪಾತ್ರವನ್ನು ಮಾತ್ರ ಬದಲಿಸುವಂತಿಲ್ಲ. ಅವನು ಇದ್ದಕ್ಕಿದ್ದಂತೆ ಒಳ್ಳೆಯವನಾದರೆ ಅದು ಜಾದೂ ಆಗುತ್ತದೆ, ಅಭ್ಯಾಸ ಆಗುವುದಿಲ್ಲ. ಬೋಲ್ ಇಲ್ಲಿಗೇ ನಿಲ್ಲಲಿಲ್ಲ. 1993ರಿಂದ 1996ರವರೆಗೆ ರಿಯೊ ಡಿ ಜನೈರೊ ನಗರ ಪರಿಷತ್ತಿನ ಸದಸ್ಯರಾಗಿದ್ದಾಗ ಬಡಾವಣೆಗಳಲ್ಲಿ ಇಂಥ ನಾಟಕ ಆಡಿಸಿ, ನೋಡುಗರು ಸೂಚಿಸಿದ ದಾರಿಗಳನ್ನು ಮಸೂದೆಗಳಾಗಿ ಪರಿಷತ್ತಿನ ಮುಂದಿಟ್ಟರು. ಅವುಗಳಲ್ಲಿ 13 ಕಾನೂನಾದವು. ಯುವಕರಿಂದ ಚಿತ್ರ, ಹಾಡು, ನಾಟಕ ಮಾಡಿಸುವ ಯಾವುದೇ ಯೋಜನೆಯ ವರದಿ ಓದುವಾಗ, ಅವರು ಹೇಳಿದ್ದು ಯಾವ ಮೇಜಿನವರೆಗೆ ಹೋಯಿತು, ಅಲ್ಲಿ ಏನು ಬದಲಾಯಿತು ಎಂಬ ಪುಟವನ್ನು ಮೊದಲು ಹುಡುಕಿ.