ಗಾಳಿಯ ಸೀತಾಳೆ

ಫೂರಾನ್ ಅನ್ನುವ ಜಪಾನಿನ ಸೀತಾಳೆಯ (ಆರ್ಕಿಡ್) ಹೂವನ್ನು ಮಧ್ಯಾಹ್ನ ಮೂಸಿದರೆ "ಇಷ್ಟೇನಾ?" ಅನಿಸಬಹುದು. ಕತ್ತಲಾಗುವವರೆಗೆ ಕಾಯಬೇಕು. ಆಮೇಲೆ ಗೇಣುದ್ದವೂ ಇಲ್ಲದ ಗಿಡ ಕೋಣೆಯನ್ನೆಲ್ಲ ಘಮ್ಮೆನ್ನಿಸುತ್ತದೆ. ಮಲ್ಲಿಗೆಗೆ ಒಂಚೂರು ವೆನಿಲಾ ಬೆರೆಸಿದಂಥ ವಾಸನೆ.

ಈ ಪರಿಮಳ ನಮಗೋಸ್ಕರ ಅಲ್ಲ ಬಿಡಿ. ಹೂವಿನ ಹಿಂದೆ ಬಾಲದ ಹಾಗೆ ಬಾಗಿದ ಕೊಳವೆಯಿದೆ, ಸುಮಾರು 4 ಸೆಂ.ಮೀ. ಉದ್ದ. ಮಕರಂದ ಇರುವುದು ಅದರ ತುದಿಯಲ್ಲಿ. ಜೇನ್ನೊಣದ ನಾಲಿಗೆ ಅಲ್ಲಿಗೆ ಎಟಕುವುದಿಲ್ಲ. ಉದ್ದ ಸೊಂಡಿಲಿನ ಹಾಕ್‌ಮಾತ್ ಪತಂಗ ಇರುಳಲ್ಲಿ ಬಂದು, ಹಾರುತ್ತಲೇ ನಿಂತು ಹೀರುತ್ತದೆ. ಹೂ ಬೆಳ್ಳಗಿರುವುದೂ ಅದಕ್ಕೇ. ಕತ್ತಲಲ್ಲಿ ಕಾಣಬೇಕಲ್ವಾ?

ಜಪಾನಿಯಲ್ಲಿ ಫೂ ಎಂದರೆ ಗಾಳಿ, ರಾನ್ ಎಂದರೆ ಸೀತಾಳೆ. ಕಾಡಿನಲ್ಲಿ ಮರ, ಬಂಡೆಗಳಿಗೆ ಅಂಟಿಕೊಂಡು ಬೆಳೆಯುತ್ತದೆ. ಎದೋ ಕಾಲದಲ್ಲಿ (1603–1868) ದೊಡ್ಡ ಮನೆತನದವರಿಗೆ ಇದರ ಹುಚ್ಚು ಹಿಡಿಯಿತು. ಆಗ ಜಪಾನನ್ನು ಆಳುತ್ತಿದ್ದ ತೊಕುಗಾವಾ ಮನೆತನದ 11ನೇ ಶೋಗನ್ (ಸೇನಾಧಿಪತಿ) ಇಯೆನಾರಿಗೂ ಇದು ಅಚ್ಚುಮೆಚ್ಚು. ಆರಿಸಿ ಹೆಸರಿಟ್ಟ ತಳಿಗಳಿಗೆ ಫುಕಿರಾನ್ ಅನ್ನುತ್ತಾರೆ, ಅಂದರೆ ಸಿರಿವಂತರ ಸೀತಾಳೆ. ತಮಾಷೆಯೆಂದರೆ ಇವನ್ನು ಬೆಳೆಸುವವರು ಜಾಸ್ತಿ ನೋಡುವುದು ಹೂವನ್ನಲ್ಲ, ಎಲೆಯನ್ನು. ಬಿಳಿ, ಹಳದಿ ಗೆರೆಯ ಎಲೆ. ಅವರೆಕಾಳಿನಂತೆ ಗಿಡ್ಡಗೆ, ದಪ್ಪಗಿರುವ ಎಲೆ. ಎಲೆ ಕಾಂಡಕ್ಕೆ ಕೂಡುವ ಗೆರೆ ಚಂದ್ರನಂತಿದೆಯೋ ಅಲೆಯಂತಿದೆಯೋ ಎಂದೂ ಬಗ್ಗಿ ನೋಡುತ್ತಾರೆ. ನನಗಂತೂ ಬೇರಿನ ತುದಿಯೇ ಇಷ್ಟ. ಕೆಲವು ತಳಿಗಳಲ್ಲಿ ಅದು ಮಾಣಿಕ್ಯದ ಕೆಂಪು.

1784ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಥುನ್‌ಬರ್ಗ್ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ. ಬಹುಕಾಲ ನಿಯೋಫಿನೇಷಿಯಾ ಎಂಬ ಕುಲದಲ್ಲಿದ್ದದ್ದು ಈಗ ವಾಂಡಾ ಕುಲಕ್ಕೆ ಸೇರಿದೆ. ಮಲೆನಾಡಿನ ಮರಗಳಲ್ಲಿ ಜೋತುಬೀಳುವ ಸೀತಾಳೆ ದಂಡೆಗೂ ಇದಕ್ಕೂ ನಂಟಿದೆ.

ಮನೆಯಲ್ಲಿ ಬೆಳೆಸಲು ಮಣ್ಣು ಬೇಡ. ಜಪಾನಿಗರು ಸ್ಫ್ಯಾಗ್ನಮ್ ಪಾಚಿಯನ್ನು ಒಳಗೆ ಟೊಳ್ಳು ಬಿಟ್ಟು ಗುಡ್ಡೆ ಮಾಡಿ, ಅದರ ಮೇಲೆ ಗಿಡ ಕೂರಿಸಿ ಬೇರು ಇಳಿಬಿಡುತ್ತಾರೆ. ಟೊಳ್ಳಿನಲ್ಲಿ ಗಾಳಿಯಾಡಬೇಕು. ಬೇರಿನ ಮೇಲ್ಪದರ ಸತ್ತ ಕೋಶಗಳ ಸ್ಪಂಜು. ಒಣಗಿದಾಗ ಅದರಲ್ಲಿ ಗಾಳಿ ತುಂಬಿ ಬೆಳ್ಳಗೆ ಕಾಣುತ್ತದೆ. ನೀರು ತುಂಬಿದರೆ ಪಾರದರ್ಶಕವಾಗಿ ಒಳಗಿನ ಹಸಿರು ಇಣುಕುತ್ತದೆ. ಸದಾ ಒದ್ದೆಯಾಗಿದ್ದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಹಾಗಾಗಿ ಹಸಿರಿದ್ದರೆ ಸುಮ್ನಿರಿ, ಪೂರ್ತಿ ಬಿಳುಚಿದ ಮೇಲೆ ನೀರು ಕೊಡಿ. ಬೆಳಗಿನ ಬಿಸಿಲು ಸಾಕು. ಚಳಿಗಾಲದಲ್ಲಿ ಎಲೆ ಸ್ವಲ್ಪ ಸುಕ್ಕಾದರೆ ಗಾಬರಿಯಾಗಿ ನೀರು ಸುರಿಯಬೇಡಿ. ಅದು ಗಿಡ ಮಲಗುವ ಹೊತ್ತು.